ಹೆಪ್ಪು ಹಾಕದ ಹುಳ

ನನ್ನ ಮೊಮ್ಮಗಳು ಇವತ್ತು ನಡೆದಳು! ಯಾರ ಕೈಯನ್ನೂ ಹಿಡಿಯದೆ, ಗೋಡೆಯನ್ನೂ ಮುಟ್ಟದೆ, ಪಡಸಾಲೆಯ ಕಂಬದಿಂದ ನಾನು ಕೂತಿದ್ದ ಕಂಬಳಿಯವರೆಗೆ ತಾನೇ ನಡೆದು ಬಂದಳು. ಬಂದವಳು ನನ್ನ ಮೀಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ನೋವಾಯಿತು. ಇಂಥ ನೋವು ದಿನಾ ಬರಲಿ.

ಇದನ್ನು ಹೇಳದೆ ಬೇರೆ ಏನನ್ನು ಹೇಳಲೂ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಮೊದಲು ಹೇಳಿಬಿಟ್ಟೆ. ಬೆಳಗ್ಗೆಯಿಂದ ಮದಕರಿಪುರದಲ್ಲಿ ನಾನು ಹೇಳದೆ ಬಿಟ್ಟವರಿಲ್ಲ. ಹಾಲಿನ ಡೈರಿಯಲ್ಲಿ ಹೇಳಿದೆ, ಕ್ಷೌರದ ಅಂಗಡಿಯಲ್ಲಿ ಹೇಳಿದೆ, ದುರ್ಗಕ್ಕೆ ಹೋಗುವ ಬಸ್ಸು ನಿಂತಾಗ ಕಂಡಕ್ಟರಿಗೂ ಹೇಳಿದೆ.

"ಟಿಕೆಟ್ ತಗಂತೀಯೇನಜ್ಜ?" ಅಂದ.

"ನಾನು ಬರಾದಿಲ್ಲಪ್ಪ. ನನ್ನ ಮೊಮ್ಮಗಳು ನಡೆದ್ಲು!"

"ಹಂಗಾರೆ ಅವಳ್ನೇ ಕಳ್ಸು, ಅರ್ಧ ಟಿಕೆಟ್ ಹರೀತೀನಿ" ಎಂದು ಸೀಟಿ ಊದಿ ಹೋದ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಹಿಡಿದಳು. "ಈ ಊರಾಗೆ ಯಾವ ಕೂಸೂ ನಡೆದೇ ಇಲ್ವೇನ್ರಿ? ನಿಮ್ ಮೊಮ್ಮಗಳೇ ಮೊದಲೇನು?" ಬಾಯಲ್ಲಿ ಹಾಗಂದಳು. ಆದರೆ ಮಗು ಕಂಬ ಬಿಟ್ಟಾಗ ಇವಳು ಸೆರಗಿನಿಂದ ಕಣ್ಣೊತ್ತಿಕೊಂಡದ್ದನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲಿ ನಡೆಯುವುದೆಂದರೆ ಬೇರೆ ಮನೆಗಳ ಹಾಗಲ್ಲ. ಈ ಮಗು ನಮ್ಮ ಮಗಳ ಮಗು. ಆ ಮಗಳು ಲಂಗ ತೊಟ್ಟು ಕುರಿಮರಿಗಳ ಹಿಂದೆ ಓಡುತ್ತಿದ್ದ ವಯಸ್ಸಿನಲ್ಲಿ, ಅವಳ ಎಡಗಾಲನ್ನು ಮೊಣಕಾಲ ಮೇಲಕ್ಕೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಮೀಸೆ ಬಿಡಿಸಿಕೊಳ್ಳುತ್ತಾ ಇರುವಾಗಲೇ ನನಗೆ ಅಮ್ಮಾರ, ಅಂದರೆ ದುರ್ಗದ ಆಸ್ಪತ್ರೆಯ ಡಾಕ್ಟರಮ್ಮನ ನೆನಪಾಯಿತು. ಹೋದ ವರ್ಷ ಅವರು ತೀರಿಕೊಂಡರು. ಸಂತೆಯಲ್ಲಿ ಯಾರೋ ಹೇಳಿದರು, ನಾನು ಅಲ್ಲೇ ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ ಆಗ. ಇವತ್ತು ನಗುವಾಗ ಬಂತು. ಅದಕ್ಕೇ ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ನಾನು. ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಿ.

ಅಮ್ಮಾರು ದುರ್ಗದ ಪೇಟೆಯಲ್ಲಿದ್ದ ಒಂದು ಆಸ್ಪತ್ರೆಯ ಪ್ರಯೋಗಾಲಯಕ್ಕೆ ದೊಡ್ಡ ಡಾಕ್ಟರು. ಆ ಆಸ್ಪತ್ರೆ ಈಗಿಲ್ಲ, ಅಲ್ಲಿ ಬಟ್ಟೆ ಅಂಗಡಿ ಆಗಿದೆ. ಅಮ್ಮಾರು ಹೊಸದುರ್ಗದ ಕಡೆಯವರು. ಕುಳ್ಳಗೆ, ತೆಳ್ಳಗೆ ಇದ್ದರು, ಆದರೆ ಧ್ವನಿ ಮಾತ್ರ ಕಲ್ಲುಬಂಡೆಗೆ ತಾಕಿ ವಾಪಸ್ ಬರುವಂಥದ್ದು. ರೋಗಿಗಳು ಅವರನ್ನು ನೋಡುತ್ತಿರಲಿಲ್ಲ. ರೋಗಿಯ ರಕ್ತ, ಕೀವು, ಕಫ ಅವರ ಹತ್ತಿರ ಹೋಗುತ್ತಿತ್ತು, ಅದರಲ್ಲಿ ಯಾವ ಹುಳ ಇದೆ ಎಂದು ಅವರು ಹೇಳುತ್ತಿದ್ದರು. ಕಣ್ಣಿಗೆ ಕಾಣದ ಹುಳ. ಅದಕ್ಕೆ ಬ್ಯಾಕ್ಟೀರಿಯಾ ಅನ್ನುತ್ತಾರೆ, ನನ್ನ ಬಾಯಲ್ಲಿ ಅದು ತಿರುಗುತ್ತಿರಲಿಲ್ಲ. "ಹುಳ ಅನ್ರಿ, ಅದೇನು ಕೋರ್ಟಿಗೆ ಹೋಗಾದಿಲ್ಲ" ಅಂದಿದ್ದರು.

ಅವರಿಗೂ ನನಗೂ ಪರಿಚಯ ಮಾಡಿಸಿದ್ದು ನನ್ನ ಒಂದು ಟಗರು. ಹುಳಗಳನ್ನು ಬೆಳೆಸಲು ಅವರಿಗೆ ಕುರಿಯ ರಕ್ತ ಬೇಕಿತ್ತು. ಕೊಂದ ಕುರಿಯದ್ದಲ್ಲ, ಬದುಕಿರುವ, ಗಟ್ಟಿಮುಟ್ಟಾದ ಕುರಿಯದ್ದು. ಕುತ್ತಿಗೆಯ ನರದಿಂದ ಒಂದಿಷ್ಟು ತೆಗೆದು, ಹದಿನೈದು ದಿನ ಬಿಟ್ಟು ಮತ್ತೆ ತೆಗೆಯಬೇಕು. ಯಾರೋ ನನ್ನ ಹೆಸರು ಹೇಳಿದರು. ನಾನು ಟಗರು ಹೊಡೆದುಕೊಂಡು ಆಸ್ಪತ್ರೆಯ ಹಿತ್ತಲಿಗೆ ಹೋದೆ. ಅಮ್ಮಾರು ಬಂದರು. ಮೊದಲು ಟಗರನ್ನು ನೋಡಲಿಲ್ಲ, ನನ್ನ ನಾಯಿಯನ್ನು ನೋಡಿ ಬಾಗಿಲ ಹಿಂದೆ ಸರಿದರು.

"ಅದನ್ನ ಕಟ್ರಿ ಮೊದಲು!"

"ಏನೂ ಮಾಡಾದಿಲ್ಲಮ್ಮ ಅದು."

"ಎಲ್ಲಾ ನಾಯಿ ಮಾಲೀಕರೂ ಹಂಗೇ ಅಂತಾರೆ. ಕಟ್ರಿ!"

ಎಂಥೆಂಥ ಮಾರಿ ಹುಳಗಳನ್ನು ಕಣ್ಣಿನ ಮುಂದೆ ಹಿಡಿದು ನೋಡುವ ಹೆಂಗಸು, ನನ್ನ ಬಡಕಲು ನಾಯಿಗೆ ಹೆದರುತ್ತಿದ್ದರು. ಟಗರಿನ ಮೇಲೆ ಮಾತ್ರ ಬಹಳ ಪ್ರೀತಿ. ಹೇಳಿದ ದಿನಕ್ಕೆ ಸರಿಯಾಗಿ ಆಸ್ಪತ್ರೆಗೆ ಬರುತ್ತದೆ ಎಂದು ಅದಕ್ಕೆ 'ಗುಮಾಸ್ತ' ಎಂದು ಹೆಸರಿಟ್ಟರು. "ಏನಪ್ಪ ಗುಮಾಸ್ತ, ಇವತ್ತು ರಜಾ ಗಿಜಾ ಇಲ್ವಾ?" ಎಂದು ಅದರ ಗದ್ದ ಕೆರೆಯುತ್ತಿದ್ದರು. ರಕ್ತ ತೆಗೆದ ಮೇಲೆ ತಮ್ಮ ಕೈಯಿಂದಲೇ ಬೆಲ್ಲ ತಿನ್ನಿಸುತ್ತಿದ್ದರು. ಆಸ್ಪತ್ರೆಯ ದೊಡ್ಡವರು ಒಂದು ದಿನ, "ಡಾಕ್ಟರೇ, ಸಿಬ್ಬಂದಿಯನ್ನು ನೀವು ಇಷ್ಟು ಪ್ರೀತಿಯಿಂದ ಮಾತಾಡಿಸಿದ್ದು ನಾನು ನೋಡಿಲ್ಲ" ಅಂದರು. "ಸಿಬ್ಬಂದಿ ಹಿಂಗೆ ಹೊತ್ತಿಗೆ ಸರಿಯಾಗಿ ಬರಲಿ, ಅವರಿಗೂ ಬೆಲ್ಲ ತಿನ್ನಿಸ್ತೀನಿ" ಅಂದರು ಅಮ್ಮಾರು.

ನನಗೂ ಒಂದು ಕೆಲಸ ಇತ್ತು ಅಲ್ಲಿ. ಹೊಟ್ಟೆ ದಪ್ಪಗಿರುವ ಒಂದು ಗಾಜಿನ ಬಾಟಲಿ, ಅದರ ತಳದಲ್ಲಿ ಗಾಜಿನ ಮಣಿಗಳು. ಟಗರಿನ ರಕ್ತ ಅದರೊಳಗೆ ಬಿದ್ದ ಕೂಡಲೇ ಬಾಟಲಿಯನ್ನು ಮೆಲ್ಲಗೆ ಸುತ್ತಿಸುತ್ತಲೇ ಇರಬೇಕು. ಹೆಪ್ಪೆಲ್ಲ ಮಣಿಗಳಿಗೆ ನಾರಿನಂತೆ ಸುತ್ತಿಕೊಂಡು, ಉಳಿದ ರಕ್ತ ನೀರಿನ ಹಾಗೆ ತೆಳ್ಳಗೆ ಉಳಿಯುತ್ತದೆ. ಕೈ ನಿಲ್ಲಿಸಿದೆನೋ, ಹೆಪ್ಪುಗಟ್ಟಿ ಕೆಲಸಕ್ಕೆ ಬರುವುದಿಲ್ಲ. ಆ ರಕ್ತವನ್ನು ಗಂಜಿಯಂಥದ್ದೊಂದಕ್ಕೆ ಬೆರೆಸಿ ಗಾಜಿನ ತಟ್ಟೆಗಳಲ್ಲಿ ಎರೆಯುತ್ತಿದ್ದರು, ಅದು ಕೆಂಪು ಹಲ್ವದ ಹಾಗೆ ಗಟ್ಟಿಯಾಗುತ್ತಿತ್ತು. ಅದರ ಮೇಲೆ ರೋಗಿಯ ಕೀವು ಗೀರಿ ಬೆಚ್ಚಗಿಟ್ಟರೆ ಹುಳ ಹೊರಗೆ ಬಂದು ಸಂಸಾರ ಹೂಡುತ್ತದೆ.

ಒಳಗಿನ ಇನ್ನೊಂದು ಕೆಲಸ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಮೊಲದ ರಕ್ತದ ತಿಳಿಯನ್ನು ಸಣ್ಣ ಕೊಳವೆಗೆ ಹಾಕಿ, ಹುಳವನ್ನು ಬಿಟ್ಟು, ಅದು ಹೆಪ್ಪುಗಟ್ಟಲಿ ಎಂದು ಕಾಯುತ್ತಿದ್ದರು. ಮೂಳೆ ತಿನ್ನುವ, ರಕ್ತಕ್ಕೆ ನುಗ್ಗುವ ಒಂದು ಕೆಟ್ಟ ಹುಳ ಇದೆಯಂತೆ, ಬಂಗಾರದ ಬಣ್ಣದ್ದು. ಅದಕ್ಕೆ ಆ ತಿಳಿಯನ್ನು ಹೆಪ್ಪು ಹಾಕುವ ವಿದ್ಯೆ ಇದೆ. ಅದನ್ನೇ ಹೋಲುವ ಬಡಪಾಯಿ ಹುಳಗಳು ನಮ್ಮೆಲ್ಲರ ಚರ್ಮದ ಮೇಲೂ ಇರುತ್ತವೆ, ಅವಕ್ಕೆ ಆ ವಿದ್ಯೆ ಇಲ್ಲ. ಕೊಳವೆ ಹೆಪ್ಪುಗಟ್ಟಿದರೆ ಕಳ್ಳ ಸಿಕ್ಕಿದ.

ಆ ಕೊಳವೆಯನ್ನು ಅಮ್ಮಾರು ನೋಡುವ ರೀತಿಯೇ ಬೇರೆ. ಅಲ್ಲಾಡಿಸುತ್ತಿರಲಿಲ್ಲ. ಮಲಗಿದ ಕೂಸನ್ನು ಮಗ್ಗುಲು ಬದಲಿಸುವ ಹಾಗೆ ಮೆತ್ತಗೆ ಓರೆ ಮಾಡುತ್ತಿದ್ದರು. ಈ ಚಾಳಿ ಅವರ ಕೈಗೆ ಎಷ್ಟು ಅಂಟಿತ್ತೆಂದರೆ, ಕಾಫಿ ಲೋಟ ಕೊಟ್ಟರೂ ಒಮ್ಮೆ ಓರೆ ಮಾಡಿ ನೋಡಿಯೇ ಕುಡಿಯುತ್ತಿದ್ದರು. ಎಣ್ಣೆ ಬಾಟಲಿ, ಜೇನುತುಪ್ಪ, ಇಂಕಿನ ದೌತಿ, ಎಲ್ಲವೂ ಓರೆ. ಪ್ರಯೋಗಾಲಯದ ಬಾಗಿಲ ಒಳಗೆ ಯಾರಾದರೂ ಎಲೆಅಡಿಕೆ ಜಗಿಯುತ್ತಾ ಬಂದರೆ ಮಾತ್ರ ಆ ಮೆತ್ತಗಿನ ಕೈ ಎಲ್ಲಿ ಹೋಗುತ್ತಿತ್ತೋ! "ಬಾಯಿ ತೊಳ್ಕಂಡು ಬರ್ರಿ! ಇಲ್ಲಿರೋ ಹುಳಕ್ಕೆ ನಿಮ್ ಸುಣ್ಣದ ರುಚಿ ಬೇಕಾಗಿಲ್ಲ!"

ಅವರ ಇನ್ನೊಂದು ಗುಣ, ಅವರು ಏನಕ್ಕೂ ಭರವಸೆ ಕೊಡುತ್ತಿರಲಿಲ್ಲ. "ಗುಣ ಆಗುತ್ತಾ ಅಮ್ಮ?" "ನೋಡಾಣ." "ಇವತ್ತು ರಿಪೋರ್ಟು ಸಿಗುತ್ತಾ?" "ನೋಡಾಣ." "ಗುಮಾಸ್ತನಿಗೆ ಸ್ವಲ್ಪ ಹಿಂಡಿ ಕೊಡ್ಸಿದ್ರೆ..." "ನೋಡಾಣ." ನಿಮಗೆ ಗೊತ್ತಲ್ಲ, ನಮ್ಮ ಕಡೆ 'ನೋಡಾಣ' ಅಂದರೆ ಇಲ್ಲ ಅಂತಲೇ ಅರ್ಥ. ಹೊಳಲ್ಕೆರೆಯಲ್ಲಿ ನನ್ನ ತಮ್ಮನಿಗೆ ಹೆಣ್ಣು ಕೇಳಲು ಹೋದಾಗ, ಆ ಮನೆಯವರು ಮಂಡಕ್ಕಿ ಮೆಣಸಿನಕಾಯಿ ಕೊಟ್ಟು "ನೋಡಾಣ" ಅಂದರು. ನಾವು ಮಂಡಕ್ಕಿ ಮುಗಿಸಿ ಎದ್ದು ಬಂದೆವು. ಮುಖ ಮುರಿಯದೆ ಇಲ್ಲ ಅನ್ನುವ ಮಾತು ಅದು. ಅಮ್ಮಾರ ಬಾಯಲ್ಲಿ ಅದಕ್ಕೆ ಬೇರೆ ಅರ್ಥ ಇದೆ ಎಂದು ನನಗೆ ಗೊತ್ತಾಗಲು ನನ್ನ ಮಗಳು ಮಲಗಬೇಕಾಯಿತು.

ಅವಳಿಗೆ ಕಾಲಿನಲ್ಲಿ ಒಂದು ಕುರ ಆಗಿ ಒಣಗಿತ್ತು. ಆಮೇಲೆ ಬಂಡೆಯ ಮೇಲೆ ಜಾರಿ ಬಿದ್ದಳು. ಮೊಣಕಾಲಿನ ಮೇಲೆ ಊದಿಕೊಂಡಿತು, ಜ್ವರ ಬಂತು. ನಾವು ಸೊಪ್ಪು ಕಟ್ಟಿದೆವು. ಜ್ವರ ಏರುತ್ತಾ ಹೋಗಿ, ಹುಡುಗಿ ನನ್ನನ್ನೇ ಗುರುತಿಸದ ಹಾಗಾದಳು. ಹೆಗಲ ಮೇಲೆ ಹಾಕಿಕೊಂಡು ಆ ಆಸ್ಪತ್ರೆಗೇ ಓಡಿದೆ. ಮೂಳೆ ಡಾಕ್ಟರು ಕೊಯ್ದು ಕೀವು ತೆಗೆದರು, ಇಂಜೆಕ್ಷನ್ ಕೊಟ್ಟರು. ಜ್ವರ ಜಗ್ಗಲಿಲ್ಲ. ಕೀವು, ರಕ್ತ ಎರಡೂ ಪ್ರಯೋಗಾಲಯಕ್ಕೆ ಹೋದವು. ಆದರೆ ನಮ್ಮ ದುರದೃಷ್ಟ, ಅಮ್ಮಾರು ತಾಯಿಗೆ ಮೈ ಸರಿಯಿಲ್ಲವೆಂದು ಹೊಸದುರ್ಗಕ್ಕೆ ಹೋಗಿದ್ದರು. ಅವರ ಕೈಕೆಳಗಿದ್ದ ಸಣ್ಣ ಡಾಕ್ಟರು ಪರೀಕ್ಷೆ ಮಾಡಿದರು. ಮೈಸೂರಿನ ಕಡೆಯವರು, ಒಳ್ಳೆಯವರು, ಹೊಸಬರು.

"ಹೆಪ್ಪು ಬಿದ್ದಿಲ್ಲ" ಎಂದು ಅವರು ಹೊರಗೆ ಬಂದು ಮೂಳೆ ಡಾಕ್ಟರಿಗೆ ಹೇಳಿದ್ದನ್ನು ನಾವು ಗಂಡಹೆಂಡತಿ ಅಲ್ಲೇ ನಿಂತು ಕೇಳಿದೆವು. "ಒಂದು ದಿನ ಪೂರ್ತಿ ಇಟ್ಟು ನೋಡಿದೆ ಸಾರ್. ಇದು ಚರ್ಮದ ಮೇಲಿನ ಸಾಧಾರಣ ಹುಳ. ಕೀವು ತೆಗೆಯುವಾಗ ಸೇರಿಕೊಂಡಿರಬೇಕು."

ಮೂಳೆ ಡಾಕ್ಟರು ಹಣೆ ಉಜ್ಜಿಕೊಂಡರು. "ಹಂಗಾದ್ರೆ ಒಳಗಿರೋದು ಯಾವುದ್ರಿ? ಮೂಳೆ ಕ್ಷಯವಾ? ಯಾವುದು ಅಂತ ಗೊತ್ತಿಲ್ಲದೆ ಯಾವ ಔಷಧಿ ಕೊಡ್ಲಿ?" ಆಮೇಲೆ ನನ್ನ ಕಡೆ ತಿರುಗಿದರು. "ನೋಡಪ್ಪ, ವಿಷ ಮೇಲಕ್ಕೆ ಏರ್ತಾ ಐತೆ. ನಾಡಿದ್ದಿನವರೆಗೆ ಕಾಯ್ತೀನಿ. ಆಮೇಲೆ ಜೀವ ಬೇಕು ಅಂದ್ರೆ ಕಾಲು ತೆಗೀಬೇಕು."

ನನ್ನ ಹೆಂಡತಿಗೆ ಕಾಲು ತೆಗೆಯುವ ಮಾತು ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಅವಳು ಹಿಡಿದುಕೊಂಡದ್ದು 'ಹೆಪ್ಪು ಬಿದ್ದಿಲ್ಲ' ಎಂಬ ಒಂದೇ ಮಾತನ್ನು. ಸುಮ್ಮನೆ ಬಸ್ಸು ಹತ್ತಿ ಊರಿಗೆ ಹೋದಳು. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ವಾಪಸ್ ಬಂದಳು. ಕೈಯಲ್ಲಿ ಒಂದು ಪುಟ್ಟ ಹಿತ್ತಾಳೆ ಗಿಂಡಿ, ಬಾಯಿಗೆ ಮುತ್ತುಗದ ಎಲೆ ಕಟ್ಟಿದೆ. ಸೀದಾ ಪ್ರಯೋಗಾಲಯದ ಬಾಗಿಲಿಗೆ ಹೋಗಿ ಸಣ್ಣ ಡಾಕ್ಟರ ಮುಂದೆ ಗಿಂಡಿ ಹಿಡಿದಳು.

"ತಗಳ್ರಿ ಸ್ವಾಮಿ. ನಮ್ಮನೇ ಹೆಪ್ಪು. ನಮ್ಮತ್ತೆ ಕಾಲದ್ದು, ಒಂದಿನಾನೂ ಕೆಟ್ಟಿಲ್ಲ. ಇದನ್ನ ಒಂದು ಚಮಚ ಹಾಕಿ ನೋಡ್ರಿ, ಬೀಳ್ದೆ ಎಲ್ಲಿಗೋಗುತ್ತೆ?"

ಅಲ್ಲಿದ್ದವರೆಲ್ಲ ನಕ್ಕರು. ಸಣ್ಣ ಡಾಕ್ಟರು ನಗಬಾರದೆಂದು ತುಟಿ ಕಚ್ಚಿಕೊಂಡರು, ಆದರೂ ನಗು ಬಂತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಲೇ, ಬಾರೇ ಈಚೆ" ಎಂದು ಕೈ ಹಿಡಿದು ಎಳೆದೆ. ಅವಳು ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು. "ಯಾಕ್ರಿ ನಗ್ತೀರ?"

ಅಮ್ಮಾರು. ಹೊಸದುರ್ಗದ ಬಸ್ಸಿಳಿದು ನೇರ ಬಂದಿದ್ದರು, ಕೈಯಲ್ಲಿನ್ನೂ ಚೀಲ ಇತ್ತು. ಗಿಂಡಿಯನ್ನು ಇಸಿದುಕೊಂಡು, ಎಲೆ ಬಿಚ್ಚಿ, ತಮ್ಮ ಚಾಳಿಯಂತೆ ಮೆತ್ತಗೆ ಓರೆ ಮಾಡಿ ನೋಡಿದರು. "ಭಾಳ ಒಳ್ಳೆ ಹೆಪ್ಪು ಕಣವ್ವ. ಮಧ್ಯಾಹ್ನ ನನ್ನ ಅನ್ನಕ್ಕಾತು. ಈ ಬಾಗಿಲ ಒಳಗೆ ತಿನ್ನೋ ಪದಾರ್ಥ ಬರಾಂಗಿಲ್ಲ, ನಾನು ಹೊರಗೆ ಇಡ್ತೀನಿ. ನಿಮ್ಮನೇಲಿ ಹೆಪ್ಪು ಬೀಳ್ಲಿಲ್ಲ ಅಂದ್ರೆ ಮೊದಲು ಏನು ನೋಡ್ತಿ?"

"ಹೆಪ್ಪು ಹಳೇದಾತಾ ಅಂತ ನೋಡ್ತೀನಿ. ಹಾಲು ತಣ್ಣಗಾಗಿತ್ತಾ ಅಂತ ನೋಡ್ತೀನಿ."

"ನಾವೂ ಈಗ ಅದನ್ನೇ ನೋಡಾಣ. ಆದ್ರೆ ನಾವು ಹೆಪ್ಪು ಹಾಕಾಕೆ ಇಟ್ಟಿಲ್ಲವ್ವ. ನಿನ್ ಮಗಳ ಕೀವಿನಾಗಿರೋ ಹುಳ ತಾನಾಗೇ ಹಾಕುತ್ತಾ ಅಂತ ನೋಡಾಕೆ ಇಟ್ಟಿರಾದು. ನಾವು ಹಾಕಿಬಿಟ್ರೆ ಅದರ ಬಣ್ಣ ಹೆಂಗೆ ತಿಳೀಬೇಕು?"

ಆಗ ಅವಳಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅತ್ತಳು. ಅದುವರೆಗೂ ಅತ್ತಿರಲಿಲ್ಲ.

ಅಮ್ಮಾರು ಚೀಲವನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆದು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಅವರು ಸಣ್ಣ ಡಾಕ್ಟರನ್ನು ಕೇಳಿದ್ದು ನನಗೆ ಹೊರಗೆ ಕೇಳುತ್ತಿತ್ತು.

"ಕೀವಿನಾಗೆ ಬೆಳೆದೈತೆ. ರಕ್ತದಾಗೆ?"

"ಬೆಳೆದಿದೆ ಮೇಡಂ. ಅದೇ ಹುಳ."

"ಜೊತೆಗೆ ಬೇರೆ ಯಾವುದಾದ್ರೂ?"

"ಇಲ್ಲ ಮೇಡಂ."

"ಹಾದೀಲಿ ಹೋಗೋನು ಸುಮ್ನೆ ಒಂದು ಮನೆಗೆ ನುಗ್ಗಿರಬಹುದು ಕಣ್ರಿ. ಎರಡು ಮನೇಲೂ ಅವನೊಬ್ಬನೇ ಸಿಕ್ಕಿದ್ರೆ ಹಾದಿಹೋಕ ಅಂತ ಹೆಂಗೆ ಬಿಡ್ತೀರ?"

ಮೊಲದ ತಿಳಿ ಕೆಟ್ಟಿರಬಹುದೆಂದು, ಮೊದಲೇ ಗೊತ್ತಿದ್ದ ಕಳ್ಳ ಹುಳವೊಂದನ್ನು ಅದಕ್ಕೆ ಬಿಟ್ಟು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿ ಮೊಸರಾಗಿತ್ತು. ತಿಳಿ ಸರಿ ಇತ್ತು, ಬಿಸಿಯೂ ಸರಿ ಇತ್ತು. ನಮ್ಮ ಮಗಳ ಹುಳ ಹಾಕಿದ ಕೊಳವೆ ಮಾತ್ರ ನೀರು ನೀರು. ಕೆಲವು ಹುಳ ಬೇಗ ಹೆಪ್ಪು ಹಾಕಿ, ಆಮೇಲೆ ತಾವೇ ಕರಗಿಸಿಬಿಡುತ್ತವಂತೆ. ಮಾರನೇ ದಿನ ನೋಡಿದರೆ ಏನೂ ಆಗಿಲ್ಲದ ಹಾಗೆ ಇರುತ್ತದೆ. ಅದಕ್ಕೇ ಅವತ್ತು ಸ್ಟೂಲು ಎಳೆದುಕೊಂಡು ಕೊಳವೆಗಳ ಮುಂದೆಯೇ ಕೂತರು, ಆಗಾಗ ಓರೆ ಮಾಡಿ ನೋಡುತ್ತಾ. ಊಟಕ್ಕೆ ಏಳಲಿಲ್ಲ. ಮೊಲದ್ದು ಬೇಡವಾದರೆ ಮನುಷ್ಯರದ್ದು ನೋಡೋಣ ಎಂದು ತಮ್ಮ ತೋಳು ಚಾಚಿ ತಮ್ಮ ರಕ್ತವನ್ನೇ ತೆಗೆಸಿ, ಅದರ ತಿಳಿಯಲ್ಲೂ ಹುಳ ಬಿಟ್ಟರು. ಅದರಲ್ಲೂ ಹೆಪ್ಪು ಬೀಳಲಿಲ್ಲ.

ಸಣ್ಣ ಡಾಕ್ಟರು ಮೆಲ್ಲಗೆ, "ಹಾಗಾದರೆ ನನ್ನ ರಿಪೋರ್ಟು ಸರಿ ಅಲ್ಲವೇ ಮೇಡಂ?" ಅಂದರು.

"ನೀವು ನೋಡಿದ್ದು ಸರಿ ಐತೆ. ನೋಡಾದನ್ನ ಬೇಗ ನಿಲ್ಲಿಸಿದ್ರಿ, ಅಷ್ಟೆ. ಹೌದು ಅಂದಿದ್ದನ್ನ ಒಂದ್ಸಲ ಕೇಳ್ರಿ. ಇಲ್ಲ ಅಂದಿದ್ದನ್ನ ಇನ್ನೊಂದ್ಸಲ ಬೇರೆ ಥರ ಕೇಳ್ರಿ."

ಅವರು ಈಚೆ ಬಂದಾಗ ನಾನು ಅಡ್ಡ ನಿಂತೆ. "ಅಮ್ಮಾ, ನನ್ನ ಮಗಳ ಕಾಲು ಉಳಿಯುತ್ತಾ?"

"ನೋಡಾಣ."

ಮುಗಿಯಿತು, ಮುಖ ಮುರಿಯದೆ ಇಲ್ಲ ಅಂದರು ಎಂದುಕೊಂಡೆ. ಗೋಡೆ ಹಿಡಿದು ಕೂತವನನ್ನು ಅವರು ಒಂದು ಗಳಿಗೆ ನೋಡಿದರು. ಆಮೇಲೆ ತೋಳು ಹಿಡಿದು ಎಬ್ಬಿಸಿದರು.

"ನೋಡಾಣ ಅಂದ್ರೆ ನೋಡಾಣ ಅಂತಲೇ ಅರ್ಥ ಕಣ್ರಿ. ಬರ್ರಿ ಇಲ್ಲಿ."

ಬಾಗಿಲ ಒಳಗೆ ಯಾರನ್ನೂ ಬಿಡದ ಹೆಂಗಸು ನನ್ನನ್ನು ಕಿಟಕಿಯ ಹತ್ತಿರಕ್ಕೆ ಕರೆದುಕೊಂಡು ಹೋದರು. ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಮುಚ್ಚಿದ ಒಂದು ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದರು. ಕೆಂಪು ನೆಲದ ಮೇಲೆ ಸಾಸಿವೆಯಷ್ಟು ದೊಡ್ಡ ಚುಕ್ಕೆಗಳು, ಬಂಗಾರದ ಬಣ್ಣ. ಒಂದೊಂದು ಚುಕ್ಕೆಯ ಸುತ್ತಲೂ ಕೆಂಪು ಕರಗಿ ತಿಳಿಯಾಗಿತ್ತು. ಮಳೆಗಾಲದಲ್ಲಿ ಚಂದ್ರನ ಸುತ್ತ ಬೆಳಕಿನ ಬಳೆಯಂತೆ ಕಣ ಕಟ್ಟುತ್ತದಲ್ಲ, ಹಾಗೆ.

"ಈ ಕೆಂಪು ಯಾರದು ಗೊತ್ತಾ? ನಿಮ್ ಗುಮಾಸ್ತನದು. ಅವನ ರಕ್ತ ಕುಡಿದು ಸುತ್ತ ಬಯಲು ಮಾಡೈತೆ ಈ ಹುಳ. ಬಡಪಾಯಿ ಹುಳ ಹಿಂಗೆ ಜೋರು ಮಾಡಾದು ಕಡಿಮೆ. ಬಣ್ಣ ಕಳ್ಳಂದು, ಹಸಿವು ಕಳ್ಳಂದು. ಹೆಪ್ಪು ಹಾಕೋ ವಿದ್ಯೆ ಒಂದು ಇದಕ್ಕೆ ಬಂದಿಲ್ಲ. ಕಳ್ಳನಿಗೆ ಮೀಸೆ ಇರ್ತದೆ ಅಂತ ಎಲ್ರೂ ಮೀಸೆ ಹುಡುಕ್ತಾ ಕುಂತ್ರೆ, ಬೋಳಿಸ್ಕಂಡ ಕಳ್ಳ ಬಾಗಿಲಾಗೇ ಹೊರಟೋಗ್ತಾನೆ. ಇನ್ನೆರಡು ಪರೀಕ್ಷೆ ಇಟ್ಟೀನಿ. ನಾಳೆ ಗೊತ್ತಾಗುತ್ತೆ."

ಹೇಳಿ ನೇರ ಮೂಳೆ ಡಾಕ್ಟರ ಹತ್ತಿರ ಹೋದರು. ನಾನು ಚೀಲ ಹಿಡಿದುಕೊಂಡು ಹಿಂದೆ ಹಿಂದೆ. ಪರೀಕ್ಷೆಯ ತಟ್ಟೆಯಲ್ಲಿ ಮೊದಲಿನ ಇಂಜೆಕ್ಷನ್ನಿಗೆ ಈ ಹುಳ ಸಾಯುತ್ತಿಲ್ಲ, ಇನ್ನೊಂದಕ್ಕೆ ಸಾಯುತ್ತಿದೆ, ಅದನ್ನು ಈಗಲೇ ಶುರು ಮಾಡಿ ಎಂದರು.

"ನಿಮ್ಮ ಲ್ಯಾಬೇ ಇದು ಕೆಟ್ಟ ಹುಳ ಅಲ್ಲ ಅಂದೈತಲ್ರಿ?" ಅಂದರು ಅವರು.

"ನಮ್ಮ ಲ್ಯಾಬು ಇನ್ನೂ ಮಾತು ಮುಗಿಸಿಲ್ಲ. ಔಷಧಿ ಕೊಡ್ರಿ. ನಾಳೆ ಸಂಜೆ ತನಕ ಗರಗಸ ಮುಟ್ಟಬ್ಯಾಡ್ರಿ. ಅಲ್ಲಿಗೂ ಅಲ್ಲ ಅಂದ್ರೆ ನಾನೇ ಬಂದು ಹೇಳ್ತೀನಿ."

ಮೂಳೆ ಡಾಕ್ಟರೂ ಕಲ್ಲಲ್ಲ. ಆ ಪುಟ್ಟ ಕಾಲನ್ನು ತೆಗೆಯಲು ಅವರಿಗೂ ಕೈ ಬರುತ್ತಿರಲಿಲ್ಲ. ಔಷಧಿ ಶುರುವಾಯಿತು.

ಮಾರನೇ ದಿನದ ಎರಡು ಪರೀಕ್ಷೆಗಳ ಮಾತು ನನಗೆ ಪೂರ್ತಿ ತಿಳಿಯದು. ಒಂದರಲ್ಲಿ ಕೆಂಪಗಿನ ಉಪ್ಪಿನ ತಟ್ಟೆ ಹಳದಿಯಾಯಿತು. ಇನ್ನೊಂದರಲ್ಲಿ ಹುಳ ಬೆಳೆದ ತಟ್ಟೆಗೆ ಆಸಿಡ್ ಸುರಿದರು; ಉಳಿದ ಕಡೆ ಹಾಲಿನಂತೆ ಬೆಳ್ಳಗಾಯಿತು, ಹುಳದ ಗೆರೆಯ ಸುತ್ತ ಮಾತ್ರ ತಿಳಿಯಾಗಿ ಉಳಿಯಿತು. ಸಣ್ಣ ಡಾಕ್ಟರು "ಮೇಡಂ!" ಎಂದು ಕೂಗಿದ್ದು ವಾರ್ಡಿನವರೆಗೂ ಕೇಳಿಸಿತು. ಅಮ್ಮಾರು ಕೂಗಲಿಲ್ಲ. ಆ ತಟ್ಟೆಯನ್ನೂ ಮೆಲ್ಲಗೆ ಓರೆ ಮಾಡಿ ನೋಡಿ, "ಹೂಂ, ಇವನೇ" ಅಂದರಂತೆ. ಬೆಂಗಳೂರಿನ ದೊಡ್ಡ ಪ್ರಯೋಗಾಲಯಕ್ಕೂ ಹುಳ ಕಳಿಸಿದ್ದರು. ಅಲ್ಲಿಂದಲೂ ಅದೇ ಮಾತು ಬರುವ ಹೊತ್ತಿಗೆ ಮಗಳು ಎದ್ದು ಕೂತು ಬ್ರೆಡ್ಡು ಬೇಡ, ಮುದ್ದೆ ಬೇಕೆಂದು ಹಠ ಮಾಡುತ್ತಿದ್ದಳು.

ಜ್ವರ ಇಳಿಯಿತು ಅಂದರೆ ಒಂದೇ ದಿನದಲ್ಲಿ ಇಳಿಯಲಿಲ್ಲ. ಇಳಿದಿಳಿದು ಏರಿತು, ಏರೇರಿ ಇಳಿಯಿತು. ಮೂಳೆ ಡಾಕ್ಟರು ಮತ್ತೊಮ್ಮೆ ಕೊಯ್ದು ಸತ್ತ ಮೂಳೆಯ ಚೂರು ತೆಗೆದು ತೊಳೆದರು. ಕಾಲು ಉಳಿಯಿತು. ಆದರೆ ಬಹಳ ದಿನ ಕಟ್ಟು ಹಾಕಿದ್ದರಿಂದ ಮೊಣಕಾಲು ಕಟ್ಟಿಗೆಯ ಹಾಗಾಗಿತ್ತು. "ನಡೀತಾಳೆ, ಆದ್ರೆ ಮಡಚಾಕೆ ಬರದೇ ಇರಬಹುದು" ಅಂದರು. ಮಡಚು ಎಂದರೆ ಹುಡುಗಿ ಚೀರಿಕೊಳ್ಳುತ್ತಿದ್ದಳು, ನರ್ಸು ಹತ್ತಿರ ಬಂದರೆ ಗೋಡೆ ಕಡೆ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ಅಮ್ಮಾರು ವಾರ್ಡಿಗೆ ಬಂದು ಅವಳನ್ನು ಹಿತ್ತಲಿಗೆ ಕರೆಸಿದರು. ಗುಮಾಸ್ತ ಅಲ್ಲಿ ನಿಂತಿದ್ದ. ಸೊಪ್ಪನ್ನು ನೆಲದ ಮೇಲೆ ಹಾಕಿದರು. "ಇವನು ಇವತ್ತು ಮುನಿಸ್ಕಂಡಾನೆ ಕಣೆ. ಯಾರಾದ್ರೂ ಕೈಯಾರೆ ಎತ್ತಿ ಕೊಟ್ರೆ ಮಾತ್ರ ತಿಂತಾನಂತೆ. ನನಗೆ ಸೊಂಟ ನೋವು. ನೀನು ಎತ್ತಿ ಕೊಡ್ತೀಯೇನು?" ಟಗರು ಮುನಿಸಿಕೊಂಡಿರಲಿಲ್ಲ, ಹಗ್ಗ ಕಿತ್ತುಕೊಂಡು ತಾನೇ ತಿನ್ನಲು ಒದ್ದಾಡುತ್ತಿತ್ತು, ಅಮ್ಮಾರು ಕೊಂಬು ಹಿಡಿದು ತಡೆದಿದ್ದರು. ಮಗಳು ಗೋಡೆ ಹಿಡಿದು ಬಗ್ಗಿದಳು. ಅರ್ಧ ಬಗ್ಗಿದಳು, ಅತ್ತಳು, ಮತ್ತೆ ಬಗ್ಗಿದಳು, ಸೊಪ್ಪು ಎತ್ತಿದಳು. ಅಮ್ಮಾರು "ಶಭಾಷ್" ಅನ್ನಲಿಲ್ಲ. "ಇನ್ನೊಂದು ಕೊಡು, ಅವನಿಗೆ ಸಾಲ್ದು" ಅಂದರು. ದಿನಾ ಹೀಗೆ. ನನಗೆ ಟಗರು ಊರಿಗೆ ಹೊಡೆದುಕೊಂಡು ಹೋಗಲು ಎಷ್ಟೋ ದಿನ ಬಿಡಲೇ ಇಲ್ಲ.

ಅದೇ ಕಾಲಿನಲ್ಲಿ ನನ್ನ ಮಗಳು ಆಮೇಲೆ ಸಿರಿಗೆರೆಗೆ ಓದಲು ಹೋದಳು, ನಿಂತುಕೊಂಡೇ ಬಸ್ಸಿನಲ್ಲಿ. ಮಾರಿಕಣಿವೆಯಲ್ಲಿ ನೀರಾವರಿ ಕೆಲಸದಲ್ಲಿರುವ ಹುಡುಗನನ್ನು ಮದುವೆಯಾದಳು. ಆ ಸಣ್ಣ ಡಾಕ್ಟರು ಎಲ್ಲೋ ದೊಡ್ಡ ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ. ಒಮ್ಮೆ ದುರ್ಗಕ್ಕೆ ಬಂದವರು ನನ್ನನ್ನು ಹುಡುಕಿಕೊಂಡು ಬಂದು, ಮಗಳನ್ನು ಕಂಡು, "ನಿನ್ನ ಹುಳದ ಕಥೆ ಹೇಳದೆ ನಾನು ಯಾವ ವರ್ಷವೂ ಪಾಠ ಶುರು ಮಾಡುವುದಿಲ್ಲ ಕಣಮ್ಮ" ಅಂದರು. ಮಗಳಿಗೆ ನಾಚಿಕೆಯಾಯಿತು. ಯಾರಿಗೆ ತಾನೇ ತನ್ನ ಹುಳ ಪ್ರಸಿದ್ಧವಾಗುವುದು ಇಷ್ಟ?

ಅಮ್ಮಾರು ರಿಟೈರಾದ ದಿನ ಆಸ್ಪತ್ರೆಯವರು ಹಾರ ಹಾಕಿ ಭಾಷಣ ಮಾಡಿದರು. ನಾನು ಹಿಂದೆ ನಿಂತಿದ್ದೆ, ಜೊತೆಗೆ ಹೊಸ ಟಗರು; ಗುಮಾಸ್ತ ಆ ಹೊತ್ತಿಗೆ ವಯಸ್ಸಾಗಿ ಹಟ್ಟಿಯಲ್ಲೇ ಉಳಿದಿದ್ದ. ಅಮ್ಮಾರು ಕೊರಳಿನ ಹಾರ ತೆಗೆದು ನೇರ ಬಂದು ಟಗರಿನ ಬಾಯಿಗೆ ಕೊಟ್ಟರು. "ಚೆಂಡುಹೂ ಆಗಿ ಬರಾದಿಲ್ಲಮ್ಮ ಇದಕ್ಕೆ" ಅಂದೆ. "ನೋಡಾಣ" ಅಂದರು. ಅದು ಪೂರ್ತಿ ತಿಂದಿತು. ಅವರನ್ನು ನಾನು ಕೊನೆಗೆ ಕಂಡದ್ದು ಅವತ್ತೇ. ತಮ್ಮನ ಊರಿಗೆ ಹೋದರು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಅವರಿಂದ ಉಳಿದ ಕಾಲುಗಳು ಎಲ್ಲೆಲ್ಲಿ ನಡೆಯುತ್ತಿವೆಯೋ, ಲೆಕ್ಕ ಇಟ್ಟವರು ಯಾರು?

ಸಂಜೆ ಮಾರಿಕಣಿವೆಯಿಂದ ಅಳಿಯ ಬಂದ, ಸುದ್ದಿ ಕೇಳಿ ಬಸ್ಸಿಗೆ ಕಾಯದೆ ಯಾರದೋ ಲಾರಿ ಹತ್ತಿ. ಅವನಿಗೆ ತೋರಿಸಲು ನಿಲ್ಲಿಸಿದರೆ ಮಗು ನಡೆಯಲಿಲ್ಲ, ದೊಪ್ಪನೆ ಕೂತಿತು. "ಮಾವಾರ ಮಾತು ಯಾವಾಗ್ಲೂ ಒಂದು ಮೊಳ ಜಾಸ್ತಿ" ಅಂದ. ಹಿರಿಯೂರಿನಿಂದ ನನ್ನ ಮಗ ಸೊಸೆಯೂ ಬಂದರು. ಪಡಸಾಲೆಯಲ್ಲಿ ಎಲ್ಲರೂ ಎದುರುಬದುರು ಎರಡು ಸಾಲಾಗಿ ಊಟಕ್ಕೆ ಕೂತೆವು. ರಾಗಿ ಮುದ್ದೆ, ಹುರುಳಿ ಸಾರು, ಅದರ ಮೇಲೆ ಪಾಯಸ. ನಾನು ಅಳಿಯನಿಗೆ ಅಮ್ಮಾರ ಕಥೆ ಹೇಳಲು ಶುರು ಮಾಡಿದೆ. ಅವನು ಎಷ್ಟು ಸಲ ಕೇಳಿದ್ದಾನೋ, ಪಾಪ, ಆದರೂ ಹೂಂಗುಟ್ಟುತ್ತಿದ್ದ. ನನ್ನ ತಟ್ಟೆಯ ಮುದ್ದೆ ಆರುತ್ತಿತ್ತು.

ಎದುರಿಗೆ ಮಗಳು ಚಕ್ಕಂಬಕ್ಕಲ ಹಾಕಿ ಕೂತಿದ್ದಳು. ಎಡಗಾಲನ್ನು ಬಲಗಾಲಿನ ಕೆಳಗೆ ಪೂರ್ತಿ ಮಡಚಿ, ನೆಲಕ್ಕೆ ಆನಿಸಿ. ಅವಳಿಗೆ ಅದರ ಪರಿವೆಯೇ ಇಲ್ಲ, ಉಪ್ಪಿನಕಾಯಿ ಈ ಕಡೆ ಬರಲಿ ಎಂದು ಅಣ್ಣನ ಜೊತೆ ಜಗಳ ಆಡುತ್ತಿದ್ದಳು. ಮಡಿಲಲ್ಲಿದ್ದ ಮಗು ಆ ಮೊಣಕಾಲಿನ ಮೇಲೆ ಎರಡೂ ಕೈ ಊರಿ ಎದ್ದು ನಿಂತಿತು. ನಾನು ಮಾತು ನಿಲ್ಲಿಸಿದೆ. ಕೈ ಬಿಟ್ಟಿತು. ಒಂದು ಹೆಜ್ಜೆ. ಇನ್ನೊಂದು. ಸಾಲುಗಳ ನಡುವಿನ ಜಾಗ ದಾಟಿ ನನ್ನ ಕಡೆಗೇ ಬಂತು. ಕೊನೆಯ ಹೆಜ್ಜೆಯನ್ನು ಸೀದಾ ನನ್ನ ತಟ್ಟೆಯೊಳಕ್ಕೆ, ಮುದ್ದೆಯ ಮೇಲೇ ಇಟ್ಟಿತು.

ಮನೆಯೆಲ್ಲ ಹೋ ಎಂದಿತು. ಅಳಿಯ ಎದ್ದು ಮಗುವನ್ನು ಎತ್ತಿಕೊಂಡ. ಹೆಂಡತಿ, "ಕಾಲಿಟ್ಟೈತೆ, ಬಿಡ್ರಿ ಅದನ್ನ, ಬೇರೆ ಮುದ್ದೆ ಹಾಕ್ತೀನಿ" ಎಂದು ತಟ್ಟೆಗೆ ಕೈ ಚಾಚಿದಳು.

"ಇರ್ಲಿ ಬಿಡೆ."

ಮುದ್ದೆಯ ಮೇಲೆ ಐದು ಪುಟ್ಟ ಬೆರಳು, ಒಂದು ಪುಟ್ಟ ಹಿಮ್ಮಡಿ ಅಚ್ಚೊತ್ತಿತ್ತು. ಹಿಮ್ಮಡಿಯ ಕಡೆಯಿಂದ ಒಂದು ತುತ್ತು ಮುರಿದೆ, ಸಾರಿನಲ್ಲಿ ಅದ್ದಿ ನುಂಗಿದೆ.